2.10ಕ್ಕೆ ಐಸ್‌ಕ್ರೀಮ್ ಅಂತ ಬರೆದಿಡಬೇಡಿ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು, ಅಡಿಕೆ ತೋಟ ಇದೆ. ಮದುವೆಯಾಗಿ ಹನ್ನೊಂದು ವರ್ಷ. ಮಗನಿಗೆ ಒಂಬತ್ತು, ಮಗಳಿಗೆ ಆರು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಮ್ಮನೆಯವರಿಗೆ ತಿರುಗಾಟ ಅಂದರೆ ದಿಢೀರ್ ಅಂತ ಆಗಬೇಕು. ಹೋದ ವರ್ಷ ಮೇ ತಿಂಗಳ ಒಂದು ಶನಿವಾರ ಸಂಜೆ ಕಷಾಯ ಕುಡೀತಾ ಕೂತವರು 'ನಡೀರಿ, ಮಕ್ಕಳನ್ನ ವಾಟರ್ ಪಾರ್ಕಿಗೆ ಕರ್ಕೊಂಡು ಹೋಗೋಣ' ಅಂದರು. ರಾತ್ರಿಯೇ ಕಾರು ಹೊರಟಿತು. ಭಾನುವಾರ, ಬೇಸಿಗೆ ರಜೆ, ಎಲ್ಲಿ ನೋಡಿದರೂ ಜನ. ಎತ್ತರ ಸಾಲದು ಅಂತ ಮಗಳನ್ನು ದೊಡ್ಡ ರೈಡುಗಳಿಗೆ ಬಿಡಲಿಲ್ಲ. ಹತ್ತಿ ಬಟ್ಟೆಯಲ್ಲಿ ನೀರಿಗೆ ಇಳಿಯುವ ಹಾಗಿಲ್ಲ ಅಂದರು, ಅಲ್ಲೇ ಎಲ್ಲರಿಗೂ ಬಟ್ಟೆ ಕೊಂಡೆವು. ಇಡೀ ದಿನಕ್ಕೆ ನಾಲ್ಕೇ ರೈಡು. ಎರಡೂ ಮಕ್ಕಳ ಒದ್ದೆ ಬಟ್ಟೆ ಹಿಡಿದುಕೊಂಡು ನಾನು ಒಬ್ಬಳೇ ನಿಂತಿದ್ದೆ. ಈ ಸಲ ದಸರಾ ರಜೆಗೆ ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ವಂಡರ್‌ಲಾ ಪಾರ್ಕಿಗೆ ಹೋಗೋಣ ಅಂತ ನಾನೇ ಪ್ಲಾನ್ ಮಾಡಿದೆ. ಫ್ಲೋರಿಡಾದಲ್ಲಿರುವ ನಾದಿನಿ ತಾನು ಡಿಸ್ನಿಗೆ ಹೋದಾಗ ಮಾಡಿಕೊಂಡಿದ್ದ ಪಟ್ಟಿ ಕಳಿಸಿದಳು, ಅದನ್ನೇ ನೋಡಿ ನಮ್ಮದೂ ಬರೆದೆ. ಇವರು ನೋಡಿ 'ಇದು ಪರೀಕ್ಷೆ ಟೈಮ್‌ಟೇಬಲ್ಲು, ನೀವೇ ಹೋಗಿ ಬನ್ನಿ' ಅಂದುಬಿಟ್ಟರು. ನಾಲ್ಕು ದಿನದಿಂದ ಮಾತಿಲ್ಲ. ನಂದು ತಪ್ಪಾ? ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಇದೆಯಲ್ಲ, ತಾಳಮದ್ದಳೆ, ಅದರಲ್ಲಿ ಅರ್ಥ ಹೇಳುವವರು ಇವರು, ಮಾತಿನಲ್ಲಿ ನನಗೆ ಗೆಲ್ಲೋಕಾಗಲ್ಲ. ಪಟ್ಟಿ ಜೊತೆಗಿಟ್ಟಿದ್ದೇನೆ, ನೀವೇ ನೋಡಿ ಹೇಳಿ.

ಉತ್ತರ: ಪಟ್ಟಿ ನೋಡಿದೆ ತಂಗಿ, ಎರಡು ಸಲ ಓದಿದೆ. 11.05ರಿಂದ ಶುರುವಾಗಿ ಸಂಜೆ ಆರರವರೆಗೆ ಕಾಲು ಗಂಟೆಗೊಂದು ಸಾಲು. 1.15ಕ್ಕೆ ಊಟ. 2.10ಕ್ಕೆ ಐಸ್‌ಕ್ರೀಮ್. 4.30ಕ್ಕೆ 'ಎಲ್ಲರೂ ಸೇರಿ ಫೋಟೊ'. ಎಷ್ಟು ಶ್ರದ್ಧೆಯಿಂದ ಮಾಡಿದ್ದೀರಿ ಅಂತ ಕಾಣ್ತದೆ. ಆದರೂ ಓದಿ ಮುಗಿಸುವಾಗ ನನಗೇ ಸುಸ್ತಾಯಿತು, ಅದನ್ನು ಮುಚ್ಚಿಟ್ಟು ಉತ್ತರ ಬರೆದರೆ ನಿಮಗೆ ಉಪಯೋಗವಿಲ್ಲ.

ಹಾಗಂತ ನಿಮ್ಮನೆಯವರು ಸರಿ ಅಂತಲೂ ಹೇಳುವುದಿಲ್ಲ. ಕಾಗದ ಓದಿದಾಗ ನನಗೆ ಹೊಳೆದದ್ದು ಬೇರೆಯೇ. ಅವರು ಆ ಪಾರ್ಕಿಗೆ ಜಾತ್ರೆಗೆ ಹೋದ ಹಾಗೆ ಹೋಗುತ್ತಿದ್ದಾರೆ. ನೀವು ಫ್ಲೋರಿಡಾಗೆ ಹೋದ ಹಾಗೆ ಹೋಗಲು ಹೊರಟಿದ್ದೀರಿ. ಬಿಡದಿಯಲ್ಲಿರುವುದು ಎರಡೂ ಅಲ್ಲ.

ಶಿರಸಿಯಲ್ಲಿ ಬೆಳೆದವರಿಗೆ ಮಾರಿಕಾಂಬಾ ಜಾತ್ರೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಒಂಬತ್ತು ದಿನ ಇರುತ್ತದೆ. ಸಂಜೆ ಮನಸ್ಸಾದರೆ ಹೊರಟರಾಯಿತು. ಬಿಡಕಿ ಬಯಲಿನಲ್ಲಿ ದೇವಿ ದರ್ಶನಕ್ಕೆ ಸಾಲು ಉದ್ದ ಇದ್ದರೆ ಮೊದಲು ಪೇಟೆ ಸುತ್ತಿ, ಮಿರ್ಚಿ ತಿಂದು, ಬಳೆ ಕೊಂಡು ಮತ್ತೆ ಬರಬಹುದು. ತಿರುಗುವ ತೊಟ್ಟಿಲು ಹತ್ತಿದರೆ ಅದಕ್ಕೆ ಮಾತ್ರ ದುಡ್ಡು, ಹತ್ತದಿದ್ದರೆ ಇಲ್ಲ. ಇವತ್ತು ಆಗಲಿಲ್ಲವಾ, ನಾಳೆ ರಾತ್ರಿ. ಅಲ್ಲಿ ಪ್ಲಾನ್ ಮಾಡದವನಿಗೆ ಏನೂ ನಷ್ಟವಿಲ್ಲ, ನಿಜ ಹೇಳಬೇಕೆಂದರೆ ಪ್ಲಾನ್ ಮಾಡದವನೇ ಜಾಸ್ತಿ ಖುಷಿಪಡುತ್ತಾನೆ. ನಿಮ್ಮೆಜಮಾನರು ಚಿಕ್ಕಂದಿನಿಂದ ಕಂಡ ತೊಟ್ಟಿಲು ಅದು. ಅವರು ಕಲಿತ ಪಾಠವೂ ಅದೇ.

ಪಾರ್ಕಿನ ಲೆಕ್ಕ ಬೇರೆ. ಇಡೀ ದಿನದ ದುಡ್ಡನ್ನು ಗೇಟಿನಲ್ಲೇ ಕಟ್ಟಿ ಒಳಗೆ ಹೋಗುತ್ತೀರಿ. ಸಂಜೆ ಬಾಗಿಲು ಹಾಕುತ್ತಾರೆ, ನಾಳೆ ಬರುತ್ತೇನೆ ಅಂದರೆ ಮತ್ತೆ ಟಿಕೆಟ್ಟು. ಒಂದು ರೈಡು ಒಂದು ಸುತ್ತಿಗೆ 20 ಜನರನ್ನು ಕೂರಿಸಿಕೊಳ್ಳುತ್ತದೆ, ಹತ್ತಿ ಸುತ್ತಿ ಇಳಿಯಲು ಐದು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ 240 ಜನ. ನಿಮ್ಮ ಮುಂದೆ 240 ಜನ ನಿಂತಿದ್ದರೆ ಒಂದು ಗಂಟೆ ಹೋಯಿತು, ನೀವು ಎಷ್ಟೇ ಆತುರ ಪಟ್ಟರೂ ಯಂತ್ರಕ್ಕೆ ಆತುರವಿಲ್ಲ. ಮೇ ತಿಂಗಳ ಭಾನುವಾರ ನಾಲ್ಕು ರೈಡು ಸಿಕ್ಕಿದ್ದು ಅದಕ್ಕೇ. ಅಲ್ಲಿ ಯಾರ ತಪ್ಪೂ ಇಲ್ಲ, ದಿನ ಆರಿಸಿದ್ದೇ ತಪ್ಪು.

ಇನ್ನು ನಾದಿನಿಯ ಪಟ್ಟಿ. ಫ್ಲೋರಿಡಾದ ಡಿಸ್ನಿ ಜಾಗ ಸುಮಾರು 25 ಸಾವಿರ ಎಕರೆ. ಒಳಗೆ ನಾಲ್ಕು ಪಾರ್ಕು, ಜೊತೆಗೆ ಎರಡು ವಾಟರ್ ಪಾರ್ಕು. 1999ರಲ್ಲಿ ಅವರು ಫಾಸ್ಟ್‌ಪಾಸ್ ಅಂತ ಶುರು ಮಾಡಿದರು. ಚೀಟಿ ತಗೊಂಡು ಹೋಗಿ, ಅದರಲ್ಲಿ ಬರೆದ ಹೊತ್ತಿಗೆ ವಾಪಸ್ ಬಂದರೆ ಉದ್ದದ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಆಮೇಲೆ ಅದು ಬೆಳೆದು ಬೆಳೆದು, ಅವರದೇ ಹೋಟೆಲಿನಲ್ಲಿ ಇಳಿದವರು 60 ದಿನ ಮೊದಲೇ ಯಾವ ರೈಡು ಎಷ್ಟು ಹೊತ್ತಿಗೆ ಅಂತ ಮನೆಯಿಂದಲೇ ಹಿಡಿದಿಡುವ ಮಟ್ಟಕ್ಕೆ ಬಂತು. 2021ರಲ್ಲಿ ಅದನ್ನು ತೆಗೆದು, ದುಡ್ಡು ಕೊಟ್ಟು ಆ ದಿನವೇ ಹಿಡಿಯುವ ಪದ್ಧತಿ ತಂದರು. 2024ರಲ್ಲಿ ಮತ್ತೆ ಮುಂಗಡದ ದಾರಿಗೇ ಬಂದರು. ಹೋಟೆಲಿನವರಿಗೆ ಏಳು ದಿನ ಮೊದಲು, ಉಳಿದವರಿಗೆ ಮೂರು ದಿನ ಮೊದಲು. ಅಂಥ ಕಡೆ ಕಾಲು ಗಂಟೆಗೊಂದು ಸಾಲು ಬರೆಯದೆ ಹೋದರೆ ನಿಜಕ್ಕೂ ನಷ್ಟ. ನಾದಿನಿ ಮಾಡಿದ್ದು ಅವರ ಜಾಗಕ್ಕೆ ಸರಿಯಾಗಿಯೇ ಇದೆ.

ವಂಡರ್‌ಲಾದಲ್ಲಿ ಹಾಗೆ ರೈಡಿಗೊಂದು ಹೊತ್ತು ಹಿಡಿದಿಡುವ ಕೆಲಸವೇ ಇಲ್ಲ. 2005ರಲ್ಲಿ ಶುರುವಾದ ಪಾರ್ಕು, ಎಂಬತ್ತು ಎಕರೆ ಆಸುಪಾಸು. ಎಕರೆ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತು. ಒಂದು ದಿನದಲ್ಲಿ ನಡೆದು ಮುಗಿಸಬಹುದಾದ ಜಾಗ. ಸಾಲಿನಲ್ಲಿ ನಿಲ್ಲೋದು ಬೇಡ ಅನ್ನುವವರಿಗೆ ಫಾಸ್ಟ್‌ಟ್ರ್ಯಾಕ್ ಅಂತ ಜಾಸ್ತಿ ದುಡ್ಡಿನ ಟಿಕೆಟ್ಟು ಇದೆ, ವಾರದ ನಡುವೆ ಹೋದರೆ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಹಾಗಾಗಿ 11.20, 11.35 ಅಂತ ಬರೆದ ಸಾಲುಗಳೆಲ್ಲ ಸುಮ್ನೆ ಕಾಗದದ ಮೇಲೆ ಇರುತ್ತವೆ. ಮೊದಲನೇ ರೈಡಿನಲ್ಲಿ ಇಪ್ಪತ್ತು ನಿಮಿಷ ತಡವಾಯಿತು ಅಂದರೆ ಮುಂದಿನದೆಲ್ಲ ತಪ್ಪುತ್ತದೆ, ಇಡೀ ದಿನ ನೀವು ಗಡಿಯಾರ ನೋಡುತ್ತಾ 'ಬೇಗ, ಬೇಗ' ಅನ್ನುತ್ತಾ ಓಡುತ್ತೀರಿ.

ನಾನು ಹಾಗೆ ಓಡಿದವಳು. ಮಗಳಿಗೆ ಆಗ ಏಳು ವರ್ಷ. ಒಂದು ಪಾರ್ಕಿಗೆ ಹೋಗಿದ್ದೆವು, ನನ್ನ ಕೈಯಲ್ಲೂ ಚೀಟಿ ಇತ್ತು. ಅವಳು ಅಲೆಗಳ ಕೊಳದಿಂದ ಹೊರಗೇ ಬರಲೊಲ್ಲಳು. ಬೆರಳುಗಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು, ತುಟಿ ನಡುಗುತ್ತಿತ್ತು, ಆದರೂ ಬೇಡ ಅಂದಳು. ನಾನು ಸಿಟ್ಟಿನಿಂದ 'ಕಾರವಾರದ ಹುಡುಗಿ ನೀನು, ಮನೆ ಮುಂದೆ ಸಮುದ್ರ ಇದೆ, ಈ ತೊಟ್ಟಿಯಲ್ಲಿ ಏನಿದೆ ಅಂತ' ಎಂದು ಕೈ ಹಿಡಿದು ಎಳೆದೆ. ಅವಳು ಅಳುತ್ತಾ 'ಇಲ್ಲಿ ಅಲೆ ಬರೋ ಮೊದ್ಲು ಸೈರನ್ ಹೊಡೀತಾರೆ ಅಮ್ಮಾ' ಅಂದಳು. ಸೈರನ್ ಕೂಗುತ್ತಲೇ ಕೊಳದಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಹೋ ಅಂತ ಕಿರುಚುತ್ತಿದ್ದರು, ಅವಳಿಗೆ ಬೇಕಾದದ್ದು ಆ ಕ್ಷಣ. ನನಗೆ ಬೇಕಾದದ್ದು ಚೀಟಿಯ ಮುಂದಿನ ಸಾಲು. ಆ ಮುಂದಿನ ರೈಡು ಯಾವುದಾಗಿತ್ತು ಅಂತ ಈಗ ನಮ್ಮಿಬ್ಬರಿಗೂ ನೆನಪಿಲ್ಲ. ಎಳೆದದ್ದು ಇಬ್ಬರಿಗೂ ನೆನಪಿದೆ.

ಅದಕ್ಕೇ ಹೇಳುತ್ತೇನೆ, ತಪ್ಪಿದರೆ ಆ ದಿನ ಸರಿಮಾಡಲು ಆಗದ್ದನ್ನು ಮಾತ್ರ ಈಗಲೇ ಗಟ್ಟಿ ಮಾಡಿ. ಅದು ಬಹಳವೇನಿಲ್ಲ. ಮೊದಲನೆಯದು ದಿನ. ದಸರಾ ರಜೆಯಲ್ಲೂ ಶನಿವಾರ, ಭಾನುವಾರ ಬಿಡಿ. ಆಯುಧಪೂಜೆ, ವಿಜಯದಶಮಿ ಹೇಗೂ ಮನೆಯಲ್ಲೇ ಇರಬೇಕಲ್ವಾ, ಅದರ ಮೊದಲೋ ಆಮೇಲೋ ಒಂದು ಮಂಗಳವಾರ, ಬುಧವಾರ ನೋಡಿ. ಟಿಕೆಟ್ಟೂ ಸಾಮಾನ್ಯವಾಗಿ ವಾರದ ನಡುವೆ ಕಡಿಮೆ. ಎರಡನೆಯದು ಎತ್ತರ. ಇವತ್ತು ಸಂಜೆಯೇ ಇಬ್ಬರನ್ನೂ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ಅಳೆಯಿರಿ. ಅಲ್ಲಿ ಮಕ್ಕಳ ಟಿಕೆಟ್ಟು ನಿರ್ಧಾರವಾಗುವುದೂ ಎತ್ತರದ ಮೇಲೆ, ಮೈ ಜುಂ ಎನ್ನಿಸುವ ದೊಡ್ಡ ರೈಡುಗಳಿಗೆ 140 ಸೆಂಟಿಮೀಟರ್ ಬೇಕು. ಆರು ವರ್ಷದ ಮಗಳಿಗೆ ಅದು ಸಾಧ್ಯವೇ ಇಲ್ಲ, ಒಂಬತ್ತರ ಮಗನಿಗೂ ಕಷ್ಟ. ಗೇಟಿನಲ್ಲಿ ಯೂನಿಫಾರ್ಮಿನವರು ಇಲ್ಲ ಅಂದಾಗ ಮಗುವಿಗೆ ಆಗುವ ಅವಮಾನ ದೊಡ್ಡದು. ಮನೆಯಲ್ಲೇ ಗೆರೆ ತೋರಿಸಿ 'ಇದು ಈ ಸಲ ಆಗಲ್ಲ, ಇದೆಲ್ಲ ಆಗ್ತದೆ' ಅಂದರೆ ಅರ್ಧ ಅಳು ಇಲ್ಲೇ ಮುಗಿಯುತ್ತದೆ. ಮೂರನೆಯದು ಬಟ್ಟೆ, ನೈಲಾನ್ ಅಥವಾ ಪಾಲಿಯೆಸ್ಟರ್. ಹತ್ತಿಯ ಎಳೆ ಬಿಟ್ಟುಕೊಂಡು ನೀರು ಸೋಸುವ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ನೀರು ಕುಡಿದು ಭಾರವೂ ಆಗುತ್ತದೆ, ಅದಕ್ಕೇ ಬೇಡ ಅನ್ನುತ್ತಾರೆ. ಶಿರಸಿ ಪೇಟೆಯಲ್ಲೇ ಸಿಗುತ್ತದೆ, ಕೊಂಡಿಡಿ.

ಹೋಗಿ ಬರುವ ವ್ಯವಸ್ಥೆ ನಾಲ್ಕನೆಯದು, ಇದರಲ್ಲಿ ನಾನು ಸ್ವಲ್ಪ ಹಠ ಹಿಡಿಯುತ್ತೇನೆ. ಶಿರಸಿಯಿಂದ ಬೆಂಗಳೂರಿಗೇ ನಾನೂರು ಕಿಲೋಮೀಟರಿನ ಮೇಲೆ. ರಾತ್ರಿಯೆಲ್ಲಾ ಕಾರು ಓಡಿಸಿ, ಹಗಲೆಲ್ಲಾ ನೀರಿನಲ್ಲಿ ನೆನೆದು, ಮತ್ತೆ ರಾತ್ರಿ ಓಡಿಸಿಕೊಂಡು ಬರುವುದು ದಿಢೀರ್ ಖುಷಿಯಲ್ಲ, ಅಪಾಯ. ಶಿರಸಿಯಿಂದ ರಾತ್ರಿ ಬಸ್ಸಿದೆ. ರೈಲೇ ಬೇಕೆಂದರೆ ಘಟ್ಟ ಇಳಿದು ಕುಮಟಾದಲ್ಲಿ ಪಂಚಗಂಗಾ ಹಿಡಿಯಬಹುದು, ಇಲ್ಲವೇ ತಾಳಗುಪ್ಪದಿಂದ ಬೆಂಗಳೂರು ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲಿದೆ. ರೈಲಿನ ಮುಂಗಡ ಮೊದಲು 120 ದಿನ ಇತ್ತು, 2024ರ ನವೆಂಬರಿನಿಂದ 60 ದಿನ. ರಜೆಯ ಹೊತ್ತಿನಲ್ಲಿ ಐದು ಬರ್ತು ಒಟ್ಟಿಗೆ ಬೇಕೆಂದರೆ ಮೊದಲೇ ಮಾಡಿಸಬೇಕು. ಇದನ್ನು ಯಾವ ಉತ್ಸಾಹವೂ ಕೊನೇ ಗಳಿಗೆಯಲ್ಲಿ ತಂದುಕೊಡುವುದಿಲ್ಲ.

ಇಷ್ಟೇ. ಗೇಟು ದಾಟಿದ ಮೇಲಿನ ಪಟ್ಟಿ ಹರಿದುಹಾಕಿ. ಒಂದು ಮಾತು ಮಾತ್ರ ನೆನಪಿರಲಿ, ಬಾಗಿಲು ತೆಗೆದ ಮೊದಲ ಗಂಟೆಯಲ್ಲಿ ಸಾಲು ಚಿಕ್ಕದು. ಮಗ ಯಾವುದಕ್ಕೆ ಜೀವ ಬಿಡುತ್ತಾನೋ ಅದನ್ನು ಆಗಲೇ ಮುಗಿಸಿ. ಆಮೇಲೆ ನಿಮ್ಮೆಜಮಾನರು ಮುಂದೆ ಹೋಗಲಿ, ನೀವು ಹಿಂದೆ ನಡೆಯಿರಿ. ಎಲ್ಲಿ ನಗು ಕೇಳಿಸುತ್ತದೋ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಅವರಿಗೆ ಚೆನ್ನಾಗಿ ಬರುತ್ತದೆ ಅಂತ ನಿಮ್ಮ ಕಾಗದ ಓದಿದರೇ ಗೊತ್ತಾಗುತ್ತದೆ.

ಇನ್ನು ಮಾತು ಬಿಟ್ಟ ವಿಷಯ. ನಿಮ್ಮನೆಯವರಿಗೆ ತಯಾರಿ ಅಂದರೆ ಆಗುವುದಿಲ್ಲ ಅನ್ನಬೇಡಿ. ತೋಟದ ಕೊಯ್ಲಿಗೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಎಷ್ಟು ದಿನ ಮೊದಲು ಹೇಳಿಡುತ್ತಾರೆ? ತಾಳಮದ್ದಳೆಗೆ ಹೋಗುವ ಮುನ್ನ ಪ್ರಸಂಗದ ಪುಸ್ತಕ ತೆಗೆದು ಪದ್ಯ ನೋಡಿಕೊಳ್ಳುತ್ತಾರಲ್ಲ? ಪದ್ಯ ಗೊತ್ತಿರುವುದರಿಂದಲೇ ಎದುರಿನವರ ಮಾತಿಗೆ ಆ ಕ್ಷಣದಲ್ಲಿ ಮಾತು ಹುಟ್ಟುತ್ತದೆ. ಇದನ್ನು ಅವರ ಹತ್ತಿರ ಹೇಳಿ, ಈ ಮಾತಿಗೆ ಅವರಲ್ಲಿ ಎದುರುತ್ತರ ಇರಲಾರದು. ಜೊತೆಗೆ ಅವರ ಕಷ್ಟವನ್ನೂ ನೋಡಿ. ಮಳೆ, ಕೊಳೆ ರೋಗ, ಔಷಧಿ ಹೊಡೆಯುವ ದಿನ, ಅಡಿಕೆ ರೇಟು, ಹೀಗೆ ವರ್ಷವಿಡೀ ಇನ್ನೊಂದರ ಹೊತ್ತಿಗೆ ಕಾಯುವ ಬದುಕು ಅವರದು. ಒಂದು ದಿನವಾದರೂ ಯಾವ ಹೊತ್ತೂ ಬೇಡ ಅನ್ನಿಸಿದ್ದರೆ ಅದು ಬೇಜವಾಬ್ದಾರಿಯಲ್ಲ.

ಆದರೆ ಅವರಿಗೆ ನೀವು ಇನ್ನೂ ಹೇಳದೇ ಇರುವುದು ಒಂದಿದೆ. ಕಾಗದದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಒದ್ದೆ ಬಟ್ಟೆ ಹಿಡಿದುಕೊಂಡು ಒಬ್ಬಳೇ ನಿಂತಿದ್ದೆ ಅಂತ. ಆ ದಿನ ಅವರ ನೆನಪಿನಲ್ಲಿ ಮಕ್ಕಳ ಕೂಗಾಟವಾಗಿ ಉಳಿದಿದೆ, ನಿಮ್ಮ ನೆನಪಿನಲ್ಲಿ ಮೊಣಕೈವರೆಗೆ ಇಳಿದ ನೀರಾಗಿ. ಮತ್ತೆ ಹಾಗೆ ನಿಲ್ಲಬಾರದು ಅಂತಲೇ ಇಷ್ಟುದ್ದ ಪಟ್ಟಿ ಬರೆದಿರಿ. ಪಟ್ಟಿ ತೋರಿಸಿದರೆ ಅವರಿಗೆ ಟೈಮ್‌ಟೇಬಲ್ಲು ಮಾತ್ರ ಕಾಣುತ್ತದೆ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಪಟ್ಟಿ ಇಲ್ಲದೆ ಕೂತು, 'ಆ ದಿನ ನಾನು ಒಂದೂ ರೈಡು ಹತ್ತಲಿಲ್ಲ, ನಿಮಗೆ ಗೊತ್ತಾಗಲೇ ಇಲ್ಲ' ಅಂತ ಹೇಳಿ. ಜಗಳದ ದನಿ ಬೇಡ, ಇದ್ದದ್ದನ್ನು ಇದ್ದ ಹಾಗೆ. ಈ ಸಲ ಬಟ್ಟೆ ಚೀಲ ಅರ್ಧ ದಿನ ಅವರ ಹೆಗಲಿಗೆ, ಇಲ್ಲವೇ ದುಡ್ಡು ಕೊಟ್ಟು ಲಾಕರ್ ತಗೊಳ್ಳಿ. ನೀವೂ ನೀರಿಗೆ ಇಳಿಯಬೇಕು.

ಕೊನೆಯದಾಗಿ, ನಿಮ್ಮ ಪಟ್ಟಿಯಲ್ಲಿ ಐದು ಜನರ ಹೆಸರಿನ ಮುಂದೆ ಐದು ಅಂಕಣ ಇತ್ತು. ಅತ್ತೆಯ ಅಂಕಣದಲ್ಲಿ ನಾಲ್ಕು ಕಡೆ 'ಬೆಂಚು' ಅಂತ ಬರೆದಿದ್ದೀರಿ, ಉಳಿದದ್ದು ಖಾಲಿ. ಅವರನ್ನು ಕೇಳಿ ಬರೆದದ್ದು ಅಂತ ನನಗೆ ಅನ್ನಿಸಲಿಲ್ಲ, ಅವರ ಮಗ, ಅಂದರೆ ನಿಮ್ಮೆಜಮಾನರೂ ಕೇಳಿರಲಿಕ್ಕಿಲ್ಲ. ಅಲ್ಲಿ ಲೇಜಿ ರಿವರ್ ಅಂತ ಒಂದಿದೆ, ರಬ್ಬರ್ ಟ್ಯೂಬಿನ ಮೇಲೆ ಕೂತರೆ ನೀರೇ ನಿಧಾನಕ್ಕೆ ಸುತ್ತು ಹಾಕಿಸುತ್ತದೆ. ಬರ್ತು ಮಾಡಿಸುವ ಮೊದಲು ಅವರ ಹತ್ತಿರ ಕೂತು ಹಾಗೊಂದು ಇದೆ ಅಂತ ಹೇಳಿ ನೋಡಿ. ಹೂಂ ಅಂದರೆ ಅವರ ಅಳತೆಯ ಬಟ್ಟೆಯನ್ನೂ ಕೊಂಡಿಡಿ.