ಗ್ಯಾರಮಂಡ್ ಇಟಾಲಿಕ್: ಇಂಗ್ಲಿಷಿಗೆ ಸರಿ, ಕನ್ನಡವನ್ನು ಓರೆ ಮಾಡಬೇಡಿ
ನಮಸ್ಕಾರ. ಅಜ್ಜಿಯ ಕವಿತೆಗಳ ಇಂಗ್ಲಿಷ್ ಅನುವಾದವನ್ನು ಪೂರ್ತಿ ಗ್ಯಾರಮಂಡ್ ಅನ್ನೋ ಫಾಂಟಿನ ಇಟಾಲಿಕ್ (ಬಲಕ್ಕೆ ವಾಲಿದ ಅಕ್ಷರ)‌ನಲ್ಲೇ ಹಾಕಬಹುದಾ, ಎದುರು ಪುಟದ ಕನ್ನಡವನ್ನೂ ಓರೆ ಮಾಡಲಾ ಅಂತ ಕೇಳಿದ್ದೀರಿ.

ಮೊದಲನೆಯದು ತಪ್ಪೇನಲ್ಲ. ಇಟಾಲಿಕ್ ಬಂದದ್ದೇ ಹಾಗೆ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ ರೋಮನ್ ಕವಿ ವರ್ಜಿಲ್‌ನ ಕಾವ್ಯವನ್ನು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಪುಸ್ತಕವಾಗಿ ತಂದಾಗ ಇಡೀ ಕಾವ್ಯ ಇಟಾಲಿಕ್‌ನಲ್ಲೇ ಇತ್ತು. ಆ ಅಕ್ಷರ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ತಮಾಷೆ ಅಂದ್ರೆ, ದೊಡ್ಡಕ್ಷರಗಳು (ಕ್ಯಾಪಿಟಲ್) ಮಾತ್ರ ನೆಟ್ಟಗೇ ನಿಂತಿದ್ದವು. ಒತ್ತು ಕೊಡೋದಕ್ಕೆ ಇಟಾಲಿಕ್ ಬಳಸುವ ರೂಢಿ ಆಮೇಲಿನದು.

ಇಟಾಲಿಕ್ ಸುಮ್ನೆ ವಾಲಿಸಿದ ಅಕ್ಷರ ಅಲ್ಲ, ಕೈಬರಹದಿಂದ ಬಂದದ್ದು. ಇಂಗ್ಲಿಷಿನ ಸಣ್ಣ 'ಎ' (a) ನೋಡಿ: ನೆಟ್ಟಗಿನದರಲ್ಲಿ ತಲೆಯ ಮೇಲೊಂದು ಕೊಕ್ಕೆ ಇರುತ್ತದೆ, ಇಟಾಲಿಕ್‌ನಲ್ಲಿ ಅದು ಮಾಯ. 'ಎಫ್' (f) ಬಾಲ ಗೆರೆಯ ಕೆಳಕ್ಕೆ ಇಳಿಯುತ್ತದೆ. ಅಂದಹಾಗೆ, ಅಡೋಬಿ ಕಂಪನಿಯ ಗ್ಯಾರಮಂಡ್ ಫಾಂಟಿನ ಇಟಾಲಿಕ್‌ಗೆ ಮಾದರಿ, ಫಾಂಟಿಗೆ ಹೆಸರು ಕೊಟ್ಟ ಅಕ್ಷರ ಕೊರೆಯುವವ ಗ್ಯಾರಮಂಡ್‌ನದಲ್ಲ, ಇನ್ನೊಬ್ಬ ಅಕ್ಷರ ಕೊರೆಯುವವ ರೊಬೇರ್ ಗ್ರಾಂಜೋನ್‌ನ ಅಕ್ಷರ.

ಕವಿತೆಯ ಗಿಡ್ಡ ಸಾಲುಗಳಿಗೆ ಇದು ಚೆಂದ. ಅಕ್ಷರ ತೆಳು, ಇಕ್ಕಟ್ಟು. ಹಾಗಾಗಿ ಅಕ್ಷರದ ಗಾತ್ರವನ್ನು ಅರ್ಧ ಪಾಯಿಂಟ್ ದೊಡ್ಡದು ಮಾಡಿ, ಸಾಲಿನ ಅಂತರವನ್ನೂ ಸ್ವಲ್ಪ ಜಾಸ್ತಿ ಇಡಿ. ಮುನ್ನುಡಿಯಂಥ ಉದ್ದದ ಗದ್ಯಕ್ಕೆ ಮಾತ್ರ ಬೇಡ, ಕಣ್ಣು ಸೋಲುತ್ತದೆ.

ಕನ್ನಡವನ್ನು ದಯವಿಟ್ಟು ಓರೆ ಮಾಡಬೇಡಿ. ಫಾಂಟಿನಲ್ಲೇ ಬರೆದಿಟ್ಟ ಇಟಾಲಿಕ್ ಇಲ್ಲದಿದ್ದರೆ ಕಂಪ್ಯೂಟರ್ ಅಕ್ಷರವನ್ನು ಹಾಗೇ ಎಳೆದು ವಾಲಿಸುತ್ತದೆ, ಅಷ್ಟೇ. 'ಸ್ತ್ರೀ' ಅಂತ ಟೈಪ್ ಮಾಡಿ ನೋಡಿ: ಗುಂಡಗಿನ ಅಕ್ಷರ ಜಜ್ಜಿದಂತಾಗಿ, ಒತ್ತುಗಳು ಎಡಕ್ಕೆ ಜಾರಿದಂತೆ ಕಾಣುತ್ತವೆ. ಎಡಪುಟದಲ್ಲಿ ನೆಟ್ಟಗಿನ ಕನ್ನಡ, ಬಲಪುಟದಲ್ಲಿ ಇಟಾಲಿಕ್ ಇಂಗ್ಲಿಷ್ ಇದ್ದರೆ ಎರಡು ದನಿ ಬೇರೆಬೇರೆ ಅಂತ ಕಣ್ಣಿಗೇ ಗೊತ್ತಾಗುತ್ತೆ ಅಲ್ವಾ?