ಅಪ್ಪನ ಫೋನಿಗೆ ಕದ್ದು ಬೀಗ ಹಾಕಬಹುದೇ?

ಪ್ರಶ್ನೆ: ನಾವು ಮುಂಬೈ ಪಕ್ಕದ ಡೊಂಬಿವಲಿಯವರು. ಮಾಟುಂಗಾದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ದುಡಿದ ಅಪ್ಪ ಈಗ ಮನೆಯಲ್ಲೇ ಇದ್ದಾರೆ. ಅಮ್ಮ ಹೋದ ಮೇಲೆ ರಾತ್ರಿ 2 ಗಂಟೆಯ ತನಕ ರೀಲ್ಸ್ ನೋಡುತ್ತಾರೆ. ಅವರ ಫೋನಿಗೆ 11ಕ್ಕೆ ವೈಫೈ ಕಟ್ ಆಗುವ ಹಾಗೆ ಸೆಟ್ ಮಾಡಿ, 'ನೆಟ್ ಸರಿ ಇಲ್ಲ' ಅಂದೆ. ಪಾಪ, ನಂಬಿದರು. ನಾನು ಕೆಲಸ ಮಾಡುವುದೂ ಒಂದು ವಿಡಿಯೊ ಆ್ಯಪ್ ಕಂಪನಿಯಲ್ಲೇ, ಜನರನ್ನು ಜಾಸ್ತಿ ಹೊತ್ತು ಕೂರಿಸುವುದೇ ನನ್ನ ಕೆಲಸ. ತಪ್ಪು ಮಾಡಿದೆನಾ?

ಉತ್ತರ: ಹೌದು, ತಪ್ಪೇ. ವೈಫೈ ಕಟ್ ಮಾಡಿದ್ದಕ್ಕಿಂತ ಸುಳ್ಳು ಹೇಳಿದ್ದು. ಅಷ್ಟು ವರ್ಷ ಲೆಕ್ಕ ತಪ್ಪದೆ ಗಲ್ಲಾ ನೋಡಿಕೊಂಡ ಮನುಷ್ಯ, ತನ್ನಿಂದಲೇ ಏನೋ ಕೆಟ್ಟಿತು ಅಂದುಕೊಂಡು ರಾತ್ರಿ ಹೊತ್ತು ರೌಟರ್ ಆಫ್ ಆನ್ ಮಾಡುತ್ತಾ ಕೂತಿರುತ್ತಾರೆ, ಅಲ್ವಾ? ಅವರನ್ನು ಕೇಳದೆ ಅವರ ರಾತ್ರಿಯನ್ನು ತೀರ್ಮಾನಿಸುವುದು ಆ್ಯಪ್‌ನ ಕೆಲಸ. ನೀವೂ ಅದನ್ನೇ ಮಾಡಿದಿರಿ.

ಮುಗಿಯದ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟ ಕತೆ ನಿಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಮೊದಲು ಪುಟಕ್ಕೆ ಕೊನೆ ಅಂತ ಒಂದಿತ್ತು, ಮುಂದಿನದಕ್ಕೆ ಬೆರಳು ಒತ್ತಬೇಕಿತ್ತು, ಆ ಒಂದು ಕ್ಷಣದಲ್ಲಿ 'ಸಾಕಪ್ಪ' ಅನ್ನಿಸುತ್ತಿತ್ತು. ಅಪ್ಪನಿಗೆ ಹೀಗೆ ಹೇಳಿ: ಹೋಟೆಲಿನ ಶಟರ್ ಅರ್ಧ ಎಳೆದರೆ ಗಿರಾಕಿ ತಾನೇ ಎದ್ದು ಕೈ ತೊಳೆಯುತ್ತಾನೆ, ಈ ರೀಲ್ಸಿಗೆ ಶಟರೇ ಇಲ್ಲ. ಮೇಲಾಗಿ ಇದು ಮಟ್ಕಾ ಇದ್ದ ಹಾಗೆ. ಯಾವಾಗಲೋ ಒಂದು ಚೆನ್ನಾಗಿರುವುದು ಬರುತ್ತದೆ, ಯಾವಾಗ ಅಂತ ಗೊತ್ತಿಲ್ಲ, ಅದಕ್ಕೇ ಬೆರಳು ನಿಲ್ಲುವುದಿಲ್ಲ. ಅವರು ಮುಂಬೈಯವರು, ಥಟ್ಟನೆ ಅರ್ಥವಾಗುತ್ತದೆ.

ಭಾನುವಾರ ಚಹಾ ಕುಡಿಯುವಾಗ ಕಟ್ ಮಾಡಿದ್ದು ನಾನೇ ಅಂತ ಒಪ್ಪಿಕೊಳ್ಳಿ. ಬೈದರೆ ಬೈಸಿಕೊಳ್ಳಿ. ಟೈಮರ್ ಹಾಕುವುದನ್ನು ಕಲಿಸಿಕೊಡಿ, ಹೊತ್ತು ಅವರೇ ಗೊತ್ತು ಮಾಡಲಿ. ರಾತ್ರಿ 1 ಗಂಟೆಯ ತನಕ ಅಂದರೆ 1 ಗಂಟೆಯ ತನಕ. ಇನ್ನೊಂದು ಮಾತು. ಅಪ್ಪ ಅಷ್ಟು ಹೊತ್ತು ಏನು ನೋಡುತ್ತಾರೆ ಅಂತ ನಿಮ್ಮ ಪತ್ರದಲ್ಲಿ ಒಂದಕ್ಷರ ಇಲ್ಲ. ಯಕ್ಷಗಾನವೋ, ಅಡುಗೆಯೋ, ಊರಿನ ಮಳೆಯೋ? ಪಕ್ಕದಲ್ಲಿ ಕೂತು ಒಂದು ದಿನ ನೋಡಿ.

ಕೆಲಸ ಬಿಡಿ ಅಂತ ಸುಲಭವಾಗಿ ಹೇಳಬಹುದು, ನಿಮ್ಮ ಇಎಂಐ ನಾನು ಕಟ್ಟುವುದಿಲ್ಲವಲ್ಲ. ಆದರೆ ಮುಂದಿನ ವಿಡಿಯೊ ತಾನಾಗಿಯೇ ಶುರುವಾಗುವ ಆಟೊಪ್ಲೇ ಮೊದಲಿಂದಲೇ ಆಫ್ ಇರಲಿ, ರಾತ್ರಿ ನೋಟಿಫಿಕೇಶನ್ ಬೇಡ ಅಂತ ಮೀಟಿಂಗ್‌ನಲ್ಲಿ ಒಮ್ಮೆ ಬಾಯಿಬಿಟ್ಟು ಕೇಳಿ. ಬಹುಶಃ ಒಪ್ಪುವುದಿಲ್ಲ. ಮೇಲ್‌ನಲ್ಲೂ ಬರೆದಿಡಿ.

ರೌಟರ್ ಸೆಟ್ಟಿಂಗ್ ಮಾತ್ರ ಇವತ್ತೇ ತೆಗೆದುಬಿಡಿ.