ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ವಿಮೆ ಮಾಡಿಸಿಲ್ಲದಿದ್ದರೆ ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಸಿಗುತ್ತದೆಯೇ?

ಸಿಗುತ್ತದೆ. ವಿಮೆ ಮಾಡಿಸದ ಮಾಲೀಕರ ಕೈಕೆಳಗೆ ಗಾಯಗೊಂಡವರಿಗಾಗಿಯೇ ರಾಜ್ಯದ ನಿಧಿಯೊಂದಿದೆ.

ಗಾಯವಾದ 30 ದಿನಗಳೊಳಗೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಪರಿಹಾರ ಕೋರುವ ಡಿಡಬ್ಲ್ಯುಸಿ-1 ಫಾರ್ಮ್ ತುಂಬಿ ಅವರಿಗೆ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ‘ವಿಮೆ ಇಲ್ಲ’ ಎಂಬ ಬಾಯಿಮಾತನ್ನು ನಂಬಬೇಡಿ. ಗಾಯವಾದ ದಿನ ಪಾಲಿಸಿ ಇತ್ತೇ ಎಂದು ಕಾರ್ಮಿಕ ಪರಿಹಾರ ವಿಮೆಯ ಮಾಹಿತಿ ಇಡುವ ಸಂಸ್ಥೆಯಾದ ಡಬ್ಲ್ಯುಸಿಐಆರ್‌ಬಿ ಜಾಲತಾಣದಲ್ಲಿ ನೋಡಿ. ಇರದಿದ್ದರೆ ಕಾರ್ಮಿಕ ಪರಿಹಾರ ಮೇಲ್ಮನವಿ ಮಂಡಳಿಗೆ ಅರ್ಜಿ ಹಾಕಿ, ಸಾಮಾನ್ಯವಾಗಿ ಒಂದು ವರ್ಷದೊಳಗೆ.

ಎಡವಟ್ಟಾಗುವುದು ಹೆಚ್ಚಾಗಿ ಹೆಸರಿನಲ್ಲಿ. ಅಂಗಡಿಯ ಬೋರ್ಡಿನಲ್ಲಿರುವ ಹೆಸರು ಸಾಲದು. ಸಂಬಳದ ಚೆಕ್, ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆ ಕಡಿತದ ಪತ್ರ), ಕಂಪನಿ ನೋಂದಣಿ ದಾಖಲೆ ನೋಡಿ ಕಾನೂನಿನ ಪ್ರಕಾರ ಮಾಲೀಕರು ಯಾರೆಂದು ಖಚಿತಪಡಿಸಿಕೊಳ್ಳಿ. ಅದೇ ಹೆಸರಿಗೆ ಅರ್ಜಿಯನ್ನೂ ದಾವೆಯ ವಿಶೇಷ ನೋಟಿಸನ್ನೂ ಕೋರ್ಟ್ ಸಮನ್ಸ್‌ನಂತೆ ಕ್ರಮಬದ್ಧವಾಗಿ ಜಾರಿ ಮಾಡಿಸಬೇಕು. ಸುಮ್ಮನೆ ಅಂಚೆಗೆ ಹಾಕಿ ಕೂತರೆ ನಿಧಿಯನ್ನು ಪ್ರಕರಣಕ್ಕೆ ಸೇರಿಸಲಾಗದೆ ತಿಂಗಳುಗಟ್ಟಲೆ ವ್ಯರ್ಥವಾಗುತ್ತದೆ.

ಪರಿಹಾರ ಕೊಡಬೇಕೆಂಬ ಮಂಡಳಿಯ ಆದೇಶ ತಲುಪಿದ 10 ದಿನಗಳೊಳಗೆ ಮಾಲೀಕರು ಹಣ ಕೊಡದಿದ್ದರೆ ನಿಧಿ ಕೊಟ್ಟು, ಆಮೇಲೆ ಅವರಿಂದ ವಸೂಲು ಮಾಡುತ್ತದೆ. ಜೊತೆಗೆ ಸಿವಿಲ್ ದಾವೆಯನ್ನೂ ಹೂಡಬಹುದು. ಅಲ್ಲಿ ನಿರ್ಲಕ್ಷ್ಯ ಮಾಲೀಕರದೇ ಎಂದು ಕಾನೂನು ಮೊದಲೇ ಭಾವಿಸುತ್ತದೆ. ಕೆಲಸಗಾರರಿಗೆ ಇದು ನಿಜಕ್ಕೂ ದೊಡ್ಡ ಬಲ. ನಗದಿನಲ್ಲಿ ಸಂಬಳ ಪಡೆದಿದ್ದರೂ, ವಲಸೆ ದಾಖಲೆ ಇಲ್ಲದಿದ್ದರೂ ದಯವಿಟ್ಟು ಹಿಂಜರಿಯಬೇಡಿ.